ಬೆಳಗಿನ ಗೆರೆ

ಜ್ವರ ಬರುತ್ತದೆ, ಹೋಗುತ್ತದೆ. ಕೆಮ್ಮೂ ಬಂದು ಹೋಗುತ್ತದೆ. ಮೂಗಿಗೆ ವಾಸನೆ ತಿಳಿಯದೆ ನಾಲ್ಕು ದಿನ ಗೋಳಾಡಿದ ಮನುಷ್ಯ ಐದನೆಯ ದಿನ ಎದ್ದು ಕೂತು ಬೆಣ್ಣೆದೋಸೆ ತಿಂದರೆ ಮನೆಯವರು ‘ಗುಣವಾಯಿತು’ ಎಂದು ನಿಟ್ಟುಸಿರು ಬಿಡುತ್ತಾರೆ. ಕೊರೊನಾ ಎಂಬ ಈ ಮಾರಿ ಹೋಗುವಾಗ ರಕ್ತನಾಳದ ಒಳಗೋಡೆಯನ್ನು ಕೆರೆದು ಹೋಗಿರುತ್ತದೆ ಎಂದು ದಾವಣಗೆರೆಗೆ ಅರ್ಥವಾಗಲು ಮತ್ತೂ ಎಷ್ಟೋ ಅಲೆಗಳು ಬಂದು ಹೋಗಬೇಕಾಯಿತು. ಅಷ್ಟರಲ್ಲಿ ನಲವತ್ತು ದಾಟದವರು ಸಂತೆಯಲ್ಲಿ, ಬಸ್ಸಿನಲ್ಲಿ, ಕಸ ಗುಡಿಸುತ್ತಿದ್ದ ಅಂಗಳದಲ್ಲಿ ಕುಸಿದು ಬೀಳತೊಡಗಿದ್ದರು.

ಆ ಒಳಗೋಡೆಯನ್ನು ಮೈ ಕೊಯ್ಯದೆ ಹೊರಗಿನಿಂದಲೇ ದಿನವಿಡೀ ನೋಡುವಂತಾದರೆ? ಹಾಗೆಂದು ಯಾರೋ ಬುದ್ಧಿವಂತರು ಕೇಳಿದರು, ಇನ್ಯಾರೋ ಮಾಡಿ ತೋರಿಸಿದರು. ಹೃದಯ ಒಮ್ಮೆ ಹಿಂಡಿದರೆ ರಕ್ತದಲ್ಲಿ ಒಂದು ಅಲೆ ಏಳುತ್ತದೆ. ನಾಳ ಮೆತ್ತಗಿದ್ದರೆ ಅಲೆ ನಿಧಾನವಾಗಿ ಹೋಗುತ್ತದೆ, ಬಿಸಿಲಿಗೆ ಬಿದ್ದ ಸೈಕಲ್ ಟ್ಯೂಬಿನಂತೆ ಪೆಡಸಾಗಿದ್ದರೆ ಸರ್ರನೆ ಓಡುತ್ತದೆ. ಮಣಿಕಟ್ಟಿಗೆ ಕಟ್ಟಿದ ಪಟ್ಟಿ ಚರ್ಮದೊಳಕ್ಕೆ ಬೆಳಕು ಬಿಟ್ಟು ಆ ಓಟವನ್ನು ಅಳೆದು ನಿಗಾ ಕೇಂದ್ರಕ್ಕೆ ಕಳಿಸುತ್ತದೆ. ಅಲ್ಲಿ ಅದು ಪರದೆಯ ಮೇಲೆ ಗೆರೆಯಾಗುತ್ತದೆ. ಗೆರೆ ಮೇಲಿದ್ದರೆ ನಾಳ ಮೆತ್ತಗಿದೆ, ಕೆಳಗಿಳಿದರೆ ಪೆಡಸಾಗಿದೆ ಎಂದು ಅರ್ಥ. ನೋಡುವುದಕ್ಕೆ ಯಂತ್ರ ಬಂತು. ಸರಿ ಮಾಡುವುದಕ್ಕೆ ಮದ್ದು ಬರಲಿಲ್ಲ.

ಪಟ್ಟಿಯನ್ನು ಕೊಡುತ್ತಿದ್ದುದು ಸೋಂಕು ತಗುಲಿದವರಿಗೆ ಮಾತ್ರ. ಅದನ್ನು ತೆಗೆದಿಟ್ಟರೆ ಕುಂಯ್ ಎಂದು ಅಳುತ್ತಿತ್ತು. ಆಗಲೂ ಕಟ್ಟಿಕೊಳ್ಳದಿದ್ದರೆ ಕೇಂದ್ರದಿಂದ ಫೋನು, ಅದಕ್ಕೂ ಬಗ್ಗದಿದ್ದರೆ ಬಾಗಿಲಿಗೆ ಸ್ವಯಂಸೇವಕರ ಸ್ಕೂಟರು. ಹೀಗಾಗಿ ಊರವರು ಅದಕ್ಕೆ ‘ಕೂಸು’ ಎಂದು ಹೆಸರಿಟ್ಟರು. ಕೇಂದ್ರದ ವಿಜ್ಞಾನಿಗಳು ಆ ಹೆಸರು ಕೇಳಿ ನಕ್ಕರು.

ಆ ವಿಜ್ಞಾನಿಗಳಲ್ಲಿ ರೇಣುಕಾ ಒಬ್ಬಳು. ಮುಚ್ಚಿಹೋದ ಹತ್ತಿ ಗಿರಣಿಯೊಂದರ ಎತ್ತರದ ಶೆಡ್ಡಿನಲ್ಲಿ ಕೇಂದ್ರವಿತ್ತು. ಹಿಂದೆ ಮಗ್ಗಗಳಿದ್ದ ಜಾಗದಲ್ಲಿ ಈಗ ಪರದೆಗಳು. ಊರಿನ ಸಾವಿರಾರು ಜನರ ಗೆರೆಗಳು ಅಲ್ಲಿ ಏರಿಳಿಯುತ್ತಿದ್ದವು, ಅವಳು ನೋಡುತ್ತಿದ್ದಳು. ಯಾರದಾದರೂ ತೀರಾ ಕೆಳಗಿಳಿದರೆ ಫೋನು ಮಾಡಿ ‘ವಿಶ್ರಾಂತಿ ತಗೊಳ್ಳಿ, ಭಾರ ಎತ್ತಬೇಡಿ’ ಎನ್ನುತ್ತಿದ್ದಳು. ಹೇಳುವುದಕ್ಕೆ ಬೇರೇನೂ ಇರಲಿಲ್ಲ. ಹಮಾಲಿ ಮಾಡುವವನಿಗೆ ಭಾರ ಎತ್ತಬೇಡ ಎಂದು ಹೇಳಿ ಫೋನಿಟ್ಟ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಆ ಗೆರೆಗಳ ನಡುವೆ ಅವಳ ಅಣ್ಣ ಹಾಲೇಶನದೂ ಒಂದಿತ್ತು.

ಹಾಲೇಶ ಪೈಲ್ವಾನ. ಅಪ್ಪ ಅಮ್ಮ ಹೋದ ಮೇಲೆ ರೇಣುಕಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು, ದಾವಣಗೆರೆಯ ಗರಡಿ ಮನೆಯಲ್ಲಿ ಈಗಿನ ಹುಡುಗರಿಗೆ ಪಟ್ಟು ಕಲಿಸುವವನು. ಮೂರನೆಯ ಸಲ ಸೋಂಕು ತಗುಲಿದಾಗ ಅವನ ಹೃದಯದ ಸ್ನಾಯುವೇ ಊದಿಕೊಂಡಿತ್ತು. ಜೀವ ಉಳಿಯಿತು, ಆದರೆ ಸ್ನಾಯುವಿನ ಮೇಲೆ ಕಲೆ ಉಳಿಯಿತು, ನಾಳಗಳು ಪೆಡಸಾದವು. ಇನ್ನು ಅಖಾಡಕ್ಕೆ ಇಳಿಯಬಾರದು ಎಂದು ವೈದ್ಯರು ಹೇಳಿದಾಗ ಆ ಆರಡಿ ಮನುಷ್ಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಹೆಂಡತಿ ಹೊನ್ನಮ್ಮ ಮಾತಾಡಿಸಿದರೆ ಹೂಂ ಎನ್ನುತ್ತಿರಲಿಲ್ಲ. ಕೊನೆಗೆ ಅವಳೇ, ‘ಕುಸ್ತಿ ಬ್ಯಾಡ, ಹೋಗಿ ಹುಡುಗರ ಜತೆ ನಾಕು ಬಸ್ಕಿ ಹೊಡ್ಕಂಡು ಬಾ’ ಎಂದು ಬಲವಂತದಿಂದ ಗರಡಿಗೆ ಅಟ್ಟಿದಳು.

ಅದಾಗಿ ಕೆಲವು ವಾರಗಳಲ್ಲೇ ರೇಣುಕಾ ಆ ವಿಚಿತ್ರವನ್ನು ಕಂಡದ್ದು. ಅಣ್ಣನ ಗೆರೆ ದಿನವಿಡೀ ನೆಲಕಚ್ಚಿರುತ್ತಿತ್ತು. ಬೆಳಿಗ್ಗೆ ಅವನು ಗರಡಿಯಲ್ಲಿರುವ ಹೊತ್ತಿಗೆ ಮಾತ್ರ ಮೇಲೇರಿ, ಇಪ್ಪತ್ತೈದರ ತರುಣನದೋ ಎಂಬಂತೆ ನೆಟ್ಟಗೆ ಓಡಿ, ಅವನು ಮನೆಗೆ ಬಂದೊಡನೆ ಇಳಿದುಬಿಡುತ್ತಿತ್ತು. ಮೊದಲು ಪಟ್ಟಿ ಕೆಟ್ಟಿದೆ ಎಂದುಕೊಂಡಳು. ಬೇರೆ ಪಟ್ಟಿ ಕಳಿಸಿದಳು. ಅದೂ ಹಾಗೆಯೇ ತೋರಿಸಿತು. ಗರಡಿಯ ಉಳಿದ ಪೈಲ್ವಾನರ ಗೆರೆ ತೆಗೆದು ನೋಡಿದಳು. ಹೆಚ್ಚುಕಡಿಮೆ ಎಲ್ಲರದೂ ಬೆಳಿಗ್ಗೆ ಏರುತ್ತಿತ್ತು!

ಕೇಂದ್ರದ ನಿರ್ದೇಶಕಿ ಡಾ. ಪ್ರಭಾವತಿ ಇಟಗಿ ಸುಲಭಕ್ಕೆ ನಂಬುವ ಹೆಂಗಸಲ್ಲ. ಅವರೇ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

“ಇದೊಬ್ಬನದು ಮಾತ್ರ ಬೆಳಿಗ್ಗೆ ಇನ್ನೂ ಹಾಳಾಗ್ತಿದೆಯಲ್ಲ, ಯಾಕೆ?” ಎಂದು ಒಂದು ಗೆರೆಯನ್ನು ತೋರಿಸಿದರು.

“ಗೊತ್ತಾಗ್ಲಿಲ್ಲ ಮೇಡಂ. ಒಬ್ಬೊಬ್ಬರ ದೇಹ ಒಂದೊಂದು ಥರ” ಎಂದಳು ರೇಣುಕಾ.

“ಹಾಗಾದ್ರೆ ಅದನ್ನು ಬದಿಗಿಡಿ.”

ಬದಿಗಿಟ್ಟರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ಇವರಿಗಂತೂ ಹುಲ್ಲಿನ ಬಣವೆಯೇ ಸಿಕ್ಕಿತ್ತು. ಅದಕ್ಕೆ ‘ಗರಡಿ ಪರಿಣಾಮ’ ಎಂದು ಹೆಸರಿಟ್ಟರು. ಗರಡಿಯ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಕಲಸುತ್ತಾರಲ್ಲ, ಆ ಮಣ್ಣಿನಲ್ಲೇ ಏನೋ ಇದೆ ಎಂದು ಡಬ್ಬಿಗಳಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದರು. ಸುದ್ದಿ ಹೇಗೋ ಹೊರಬಿತ್ತು. ಬೊಜ್ಜು ಬೆಳೆಸಿಕೊಂಡ ವ್ಯಾಪಾರಿಗಳು ಗರಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಮಣ್ಣಿಗಾಗಿ ನಿಂತರು. ಉಸ್ತಾದರು ಲಾಠಿ ಹಿಡಿದು ಅವರನ್ನು ಓಡಿಸಿದರು.

ರೇಣುಕಾಗೆ ಅದೆಲ್ಲ ಬೇಕಿರಲಿಲ್ಲ. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗಿದ್ದು ಒಂದೇ ಕಾರಣಕ್ಕೆ. ಅಣ್ಣನ ನಾಳಗಳು ಮತ್ತೆ ಮೆತ್ತಗಾಗಬಲ್ಲವು, ಕೆರೆದ ಗೋಡೆ ಮತ್ತೆ ಕೂಡಿಕೊಳ್ಳಬಲ್ಲದು, ಅಣ್ಣ ಬದುಕುತ್ತಾನೆ. ಅವತ್ತೇ ಮನೆಗೆ ಹೋಗಿ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದ್ದಳು: “ಅಣ್ಣಾ, ನೀ ಹುಷಾರಾಗ್ತಿದ್ದೀಯ. ನಾನು ಕಣ್ಣಾರೆ ಕಂಡೀನಿ.”

ಹಾಲೇಶ ಅವಳ ಮುಖವನ್ನೇ ನೋಡಿದ್ದ. ಆಮೇಲೆ, “ಹಂಗಾರೆ ಒಂದು ಕುಸ್ತಿ ಆಡ್ಲೇನೇ ರೇಣೀ? ಒಂದೇ. ಕುಸ್ತಿ ಬಿಡೋದಾದ್ರೆ ಮಣ್ಣಾಗೆ ನಿಂತು ಬಿಡ್ಬೇಕು, ಮಂಚದ ಮ್ಯಾಲೆ ಮಲಗಿ ಬಿಡಬಾರ್ದು” ಎಂದ. ಅವಳು ಬೇಡ ಎನ್ನಲಿಲ್ಲ. ಕೇಂದ್ರದ ಒಪ್ಪಿಗೆಯನ್ನು ತಾನೇ ಕೊಡಿಸಿದಳು. ಹರಿಹರದ ಪೈಲ್ವಾನನ ಜೊತೆ ಭಾನುವಾರಕ್ಕೆ ಕುಸ್ತಿ ಗೊತ್ತಾಯಿತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಪ್ರೀತಿಸುವವರ ವಿಷಯದಲ್ಲಿ ನಮಗೆ ಬೇಕಾದದ್ದು ಕಂಡರೆ, ಮತ್ತೆ ಪರಾಂಬರಿಸುವ ತಾಳ್ಮೆ ಯಾರಿಗಿರುತ್ತದೆ?

ಕುಸ್ತಿಯ ವಾರದಲ್ಲಿ ಬೆಳಗಿನ ಗೆರೆ ಇಳಿಯತೊಡಗಿತು.

ಸೋಮವಾರ ಸ್ವಲ್ಪ, ಮರುದಿನ ಇನ್ನಷ್ಟು. ಶನಿವಾರ ಬೆಳಿಗ್ಗೆ ರೇಣುಕಾ ಪರದೆಯ ಮುಂದೆ ಕೂತಾಗ, ಹಾಲೇಶನ ಬೆಳಗಿನ ಗೆರೆ ಅವನ ಸಂಜೆಯ ಗೆರೆಗೆ ಹತ್ತಿರ ಬಂದುಬಿಟ್ಟಿತ್ತು. ಇಳಿದ ರೀತಿ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಹೊಸ ಸೋಂಕು ಒಳಗೋಡೆಗೆ ಬೆಂಕಿ ಹಚ್ಚಿದಾಗ ಹಾಗೇ ಇಳಿಯುತ್ತದೆ. ಒಳಗೋಡೆ ಊದಿಕೊಳ್ಳುತ್ತದೆ, ರಕ್ತ ಅಲ್ಲಲ್ಲಿ ಸಣ್ಣ ಸಣ್ಣ ಗರಣೆ ಕಟ್ಟುತ್ತದೆ, ಆ ಗರಣೆ ಯಾವತ್ತು ಹೋಗಿ ಎಲ್ಲಿ ಸಿಕ್ಕಿಕೊಳ್ಳುತ್ತದೋ ಹೇಳಲಾಗದು. ಇಂಥ ಗೆರೆಗಳಲ್ಲಿ ಕೆಲವು ಮತ್ತೆ ಮೇಲೆ ಬಂದದ್ದುಂಟು. ಕೆಲವು ಒಂದು ದಿನ ನಿಂತೇ ಹೋದದ್ದೂ ಉಂಟು. ಯಾವುದು ಬರುತ್ತದೆ, ಯಾವುದು ನಿಲ್ಲುತ್ತದೆ ಎಂದು ಹೇಳುವ ಯಂತ್ರ ಮಾತ್ರ ಇನ್ನೂ ಯಾರಿಗೂ ಹೊಳೆದಿರಲಿಲ್ಲ.

ನಾಳೆ ಕುಸ್ತಿ. ಅಣ್ಣ ಫೋನು ತೆಗೆಯಲಿಲ್ಲ. ರೇಣುಕಾ ಆಟೋ ಹತ್ತಿದಳು.

ಹಾಲೇಶನ ಮನೆ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ, ಒಂದು ಗೋದಾಮಿನ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗಲೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಹೊನ್ನಮ್ಮ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಹಸಿರು ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡಿದ್ದಳು. ಅವುಗಳ ಕೆಳಗೆ, ಹಿಟ್ಟು ಮೆತ್ತಿದ ಮಣಿಕಟ್ಟಿನಲ್ಲಿ, ಹಾಲೇಶನ ಪಟ್ಟಿ ಮಿಣುಕುತ್ತಿತ್ತು.

“ಬಾರವ್ವ, ಇಷ್ಟೊತ್ತಿಗೆ ಬಂದೀಯಲ್ಲ. ನಿಮ್ಮಣ್ಣ ಗರಡಿಗೆ ಹೋಗ್ಯಾನೆ. ಕೂತ್ಕ, ಬಿಸಿ ರೊಟ್ಟಿ ಹಾಕ್ತೀನಿ.”

ರೇಣುಕಾ ಕೂರಲಿಲ್ಲ. “ಅತ್ಗೇ, ಅಣ್ಣನ ಪಟ್ಟಿ ನಿನ್ನ ಕೈಯಾಗೆ ಯಾಕೈತೆ?”

“ಇದಾ? ಕೂಸು ಎತ್ಕಂಡೀನಿ.” ಹೊನ್ನಮ್ಮ ನಕ್ಕಳು. “ಗರಡಿ ಮಣ್ಣು ಮೆಟ್ಟೋವಾಗ ಲಂಗೋಟಿ ಬಿಟ್ರೆ ಮೈಮ್ಯಾಲೆ ಏನೂ ಇರಬಾರ್ದು ಅಲ್ವಾ? ಉಡಿದಾರನೂ ಬಿಚ್ಚಿಟ್ಟು ಹೋಗ್ತಾರೆ. ಇದನ್ನ ಗೂಟಕ್ಕೆ ಹಾಕಿದ್ರೆ ಅಳ್ತೈತೆ, ನಿಮ್ಮೋರು ಫೋನ್ ಮಾಡಿ ಬೈತಾರೆ. ಅದ್ಕೆ ಅವ್ನು ಬರೋಗಂಟ ನಾನು ಕಟ್ಕಂತೀನಿ. ಎಲ್ರ ಮನೇಲೂ ಹಂಗೇ. ಆ ಪೈಲ್ವಾನ ಮಲ್ಲೇಶಿ ಕೂಸನ್ನ ಪಾಪ ಅವ್ರ ಅವ್ವ ಕಟ್ಕಂತಾಳೆ, ಎಂಬತ್ತು ವರ್ಷದ ಮುದುಕಿ.”

ಬೆಳಿಗ್ಗೆ ಇನ್ನೂ ಹಾಳಾಗುತ್ತಿದ್ದ ಆ ಒಂದು ಗೆರೆ ಮಲ್ಲೇಶಿಯದು. ಅದನ್ನೇ ಅವರು ಬದಿಗಿಟ್ಟಿದ್ದು.

ಪಟ್ಟಿಗೆ ಬೇಕಾದದ್ದು ಬೆಚ್ಚಗಿನ ಒಂದು ಕೈ ಮತ್ತು ಒಂದು ನಾಡಿ. ಅದು ಯಾರ ಕೈ ಎಂದು ಅದು ಕೇಳುವುದಿಲ್ಲ. ತನ್ನ ನಾಡಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಹೋಗುವವರು ಇರುತ್ತಾರೆಂದು ಅದನ್ನು ಮಾಡಿದವರಿಗೆ ಹೊಳೆದಿರಲಿಲ್ಲ. ಗರಡಿಯ ಓಣಿಯಲ್ಲೇ ಬೆಳೆದ ರೇಣುಕಾಗೆ ಹೊಳೆಯಬೇಕಿತ್ತು. ಹುಡುಗಿಯಾಗಿದ್ದಾಗ ಅಣ್ಣನ ಉಡಿದಾರ, ತಾಯತ ಎಲ್ಲ ಅವಳ ಕೈಯಲ್ಲೇ ಇರುತ್ತಿದ್ದವು.

“ಯಾಕವ್ವ, ತಪ್ಪಾತೇನು?” ಹೊನ್ನಮ್ಮನ ಕೈ ನಿಂತಿತು.

“ಇಲ್ಲ ಅತ್ಗೆ. ನೀ ರೊಟ್ಟಿ ಮಾಡು. ನಾ ಅಣ್ಣನ್ನ ನೋಡ್ಕಂಡು ಬರ್ತೀನಿ. ಅದನ್ನ ಬಿಚ್ಚಿ ಕೊಡು.”

ಓಣಿಯಲ್ಲಿ ನಡೆಯುತ್ತಲೇ ಇಟಗಿ ಮೇಡಂಗೆ ಫೋನು ಮಾಡಿದಳು. ಕೈಯಲ್ಲಿದ್ದ ಪಟ್ಟಿ ಕುಂಯ್ಗುಡತೊಡಗಿದ್ದರಿಂದ ತನ್ನ ಮಣಿಕಟ್ಟಿಗೇ ಕಟ್ಟಿಕೊಂಡಿದ್ದಳು. ಅದು ಗಮನಕ್ಕೆ ಬಂದು ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಮೇಡಂ, ಗರಡಿ ಪರಿಣಾಮ ಅಂತ ಏನೂ ಇಲ್ಲ. ಬೆಳಿಗ್ಗೆ ನಾವು ನೋಡ್ತಿದ್ದದ್ದು ಅವರ ಹೆಂಡಿರ ನಾಳ.”

“ನಿನ್ನೆಯೇ ವರದಿ ಮೇಲಕ್ಕೆ ಹೋಯ್ತು ರೇಣುಕಾ. ಬೇರೆ ಊರುಗಳಲ್ಲೂ ರೋಗಿಗಳನ್ನು ಬಸ್ಕಿ ಹೊಡೆಯೋಕೆ ಹಚ್ತಾರೆ” ಎಂದರು ಇಟಗಿ. ಅವರ ದನಿ ಒಮ್ಮೆಲೇ ಮುದುಕಿಯದಾಗಿತ್ತು. “ತಡೆಯೋದಕ್ಕೆ ನೋಡ್ತೀನಿ. ನೀವು ನಿಮ್ಮಣ್ಣನ್ನ ನೋಡ್ಕೊಳ್ಳಿ.”

ಗರಡಿ ಮನೆಯೊಳಗೆ ಹೆಂಗಸರು ಹೋಗುವಂತಿಲ್ಲ. ರೇಣುಕಾ ಬಾಗಿಲಾಚೆ ನಿಂತು, ಕಿರುಬಾಗಿಲಿನಲ್ಲಿ ತಲೆಯಷ್ಟೇ ಬಗ್ಗಿಸಿ ನೋಡಿದಳು. ಒಳಗಿನ ಮಬ್ಬಿನಲ್ಲಿ ಹಾಲೇಶ ಇಬ್ಬರು ತರುಣರನ್ನು ಒಟ್ಟಿಗೆ ಎದುರು ಹಾಕಿಕೊಂಡು ನಿಂತಿದ್ದ. ಒಬ್ಬನನ್ನು ಸೊಂಟ ಹಿಡಿದು ಎತ್ತಿ ಮಣ್ಣಿಗೆ ಹಾಕಿದ. ಎದೆ ತಿದಿಯಂತೆ ಏಳುತ್ತಿತ್ತು, ಮುಖದಲ್ಲಿ ಅವಳು ವರ್ಷಗಳಿಂದ ಕಾಣದಿದ್ದ ನಗು. “ಅಣ್ಣಾ!” ಎಂದು ಅವಳು ಕೂಗಿದ ಕೂಗಿಗೆ ಗರಡಿಯೇ ನಿಂತಿತು.

ಮಣ್ಣು ಮೆತ್ತಿದ ಮೈಗೆ ಟವೆಲು ಹೊದ್ದು ಅವನು ಹೊರಗೆ ಬಂದ. ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಅವಳು ಎಲ್ಲ ಹೇಳಿದಳು. ಹೇಳುವಾಗ ಅವನ ಮುಖ ನೋಡಲಿಲ್ಲ, ಅವನ ಪಾದದ ಮಣ್ಣನ್ನು ನೋಡುತ್ತ ಹೇಳಿದಳು. ತಾನು ಮೂರ್ಖಳೆಂದೂ, ಅವನು ಹುಷಾರಾಗಿಲ್ಲವೆಂದೂ, ನಾಳೆ ಆಡಿದರೆ ಅಖಾಡದಲ್ಲೇ ಜೀವ ಹೋಗಬಹುದೆಂದೂ ಹೇಳಿ, ಪಟ್ಟಿಯನ್ನು ಅವನ ಕೈಗೆ ಕಟ್ಟಿ ಫೋನಿನಲ್ಲಿ ಗೆರೆ ತೋರಿಸಿದಳು. ಅದು ಪಾತಾಳಕ್ಕಿಳಿದಿತ್ತು.

ಹಾಲೇಶ ಅದನ್ನು ಬೇರೆ ಯಾರದೋ ಎಂಬಂತೆ ನೋಡಿದ. “ಆದ್ರೆ ನಂಗೆ ಹುಷಾರಾಗಿತ್ತಲ್ಲೇ. ನೀ ಹೇಳಿದ ದಿನದಿಂದ ಎದೆ ಹಗುರಾಗಿತ್ತು. ನಿದ್ದೆ ಬರ್ತಿತ್ತು. ಅದೂ ಸುಳ್ಳೇನು?”

ಅವಳು ಫೋನನ್ನು ಮಡಿಲಿಗೆ ಬೋರಲು ಹಾಕಿದಳು.

“ಮದ್ದು?”

“ಇಲ್ಲಣ್ಣ.”

“ಮತ್ತೆ ನೀವು ಅಷ್ಟು ಜನ ಆ ಗಿರಣಿಯಾಗೆ ಕೂತು ಏನ್ ಮಾಡ್ತೀರಿ?”

“ನೋಡ್ತೀವಿ.”

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳ ತಲೆಯ ಮೇಲೆ ಮಣ್ಣಿನ ಕೈಯಿಟ್ಟು, “ಬಿಡು, ನಂದು ಹಳೇ ಗಾಡಿ. ಓಡಿದಷ್ಟು ಓಡ್ಲಿ” ಎಂದ. ಆಮೇಲೆ ಏನೋ ನೆನಪಾದವನಂತೆ ಕೇಳಿದ: “ಹೊನ್ನಿ ಕಟ್ಕಂಡಿದ್ದು ನಿಂಗೆ ಈವತ್ತೇ ಗೊತ್ತಾತು ಅಂತೀಯ. ಮತ್ತೆ ಗೊತ್ತಾಗೋಕೆ ಮೊದ್ಲೇ ಯಾಕೆ ಓಡಿ ಬಂದೆ?”

“ವಾರದಿಂದ ನಿನ್ನ ಬೆಳಗಿನ ಗೆರೆ ಇಳೀತಿತ್ತು ಅಣ್ಣ. ಹೊಸದಾಗಿ ಸೋಂಕು ತಗುಲಿದೋರದು ಹಂಗೆ—”

ಬರುವ ದಾರಿಯುದ್ದಕ್ಕೂ ಅಣ್ಣ, ಅಣ್ಣ ಎಂದೇ ಬಡಿದುಕೊಳ್ಳುತ್ತಿದ್ದ ಅವಳ ಬುದ್ಧಿಗೆ ಅದು ಆವರೆಗೆ ಹೊಳೆದಿರಲಿಲ್ಲ.

“ಬೆಳಿಗ್ಗೆ ಅದು ನನ್ನ ಕೈಯಾಗೆ ಇರಲ್ಲ” ಎಂದ ಹಾಲೇಶ, ಮೆಲ್ಲಗೆ.

ಹೊನ್ನಮ್ಮನಿಗೆ ಇಷ್ಟು ಅಲೆಗಳಲ್ಲಿ ಒಮ್ಮೆಯೂ ಸೋಂಕು ತಗುಲಿರಲಿಲ್ಲ. ಓಣಿಯವರೆಲ್ಲ ಅವಳದು ಕಬ್ಬಿಣದ ಮೈ ಎನ್ನುತ್ತಿದ್ದರು. ಹಾಗಾಗಿ ಅವಳಿಗೆ ಪಟ್ಟಿಯಿಲ್ಲ, ಯಾರೂ ಅವಳನ್ನು ನೋಡುತ್ತಿರಲಿಲ್ಲ. ಹೋದ ವಾರ ಅವಳಿಗೆ ನೆಗಡಿಯಾಗಿತ್ತಂತೆ. ಮೈ ಸ್ವಲ್ಪ ಬಿಸಿಯಿತ್ತಂತೆ. ಕುಸ್ತಿಯ ಹೊತ್ತಿನಲ್ಲಿ ಇದೆಲ್ಲಿಯ ರಾಮಾಯಣ ಎಂದು ಕಷಾಯ ಕುಡಿದು ಸುಮ್ಮನಾಗಿದ್ದಳು. ಹಾಲೇಶ ಇದನ್ನೆಲ್ಲ ಹೇಳುವಾಗ ಅವನ ದೊಡ್ಡ ಕೈಗಳು ಟವೆಲನ್ನು ಹಿಂಡುತ್ತಿದ್ದವು. ತನ್ನ ಗೆರೆ ನೋಡಿ ಅಲುಗದವನು ಈಗ ತಂಗಿಯ ರಟ್ಟೆ ಹಿಡಿದ.

“ಏನಾರ ಮಾಡೇ. ನಂಗೆ ಬ್ಯಾಡ, ಅವಳಿಗೆ ಏನಾರ ಮಾಡು. ನೀ ಓದಿದೋಳು.”

“ಸುಮ್ನೆ ಮಲಗಿರಬೇಕು, ಭಾರ ಎತ್ತಬಾರ್ದು. ಅಷ್ಟೇ ಅಣ್ಣ ನಮಗೆ ಗೊತ್ತಿರೋದು. ಒಂದೊಂದು ಸಲ ತಾನೇ ಸರಿಹೋಗ್ತೈತೆ. ಆಸ್ಪತ್ರೆಗೆ ಕರ್ಕಂಡು ಹೋದ್ರೂ ಇದನ್ನೇ ಹೇಳ್ತಾರೆ. ಅವಳಿಗೂ ಒಂದು ಪಟ್ಟಿ ಕಟ್ತಾರೆ.”

“ಬ್ಯಾಡ.” ಅವನು ತಲೆಯಾಡಿಸಿದ. “ಹೊನ್ನಿ ಅಕ್ಕ ಅಂಗಳ ಗುಡಿಸ್ತಾ ಬಿದ್ದು ಸತ್ತಿದ್ದು ನಿಂಗೆ ನೆನಪೈತಲ್ಲ? ಅಲ್ಲಿಂದೀಚೆಗೆ ಯಾರಾರ ಪಟ್ಟಿ ಅಂದ್ರೆ ಇವಳ ಕಣ್ಣಾಗೆ ನೀರು. ನನ್ನ ಕೂಸನ್ನ ಕಟ್ಕಳೋಕೂ ಮೊದಮೊದ್ಲು ನಡುಗ್ತಿದ್ಲು. ತನ್ದೂ ಹಂಗೇ ಅಂತ ಗೊತ್ತಾದ್ರೆ ಹೆದರಿಕೆಗೇ ಹೋಗ್ತಾಳೆ.” ಟವೆಲಿನಿಂದ ಮುಖ ಒರೆಸಿಕೊಂಡು ಮತ್ತೆ ಹೇಳಿದ: “ಆ ಗೆರೆ ನಂದೇ ಅಂತ ಹೇಳು. ನಂಗೇ ಮತ್ತೆ ಕೆಟ್ಟೈತೆ, ಕುಸ್ತಿ ಇಲ್ಲ ಅಂತ ಹೇಳಾಣ. ಬೆಳಿಗ್ಗೆ ಅವಳು ಕಟ್ಕಳ್ಲಿ, ನೀ ಅಲ್ಲಿಂದ ನೋಡ್ತಿರು. ಅವಳಿಗೆ ಮಾತ್ರ ಗೊತ್ತಾಗೋದು ಬ್ಯಾಡ.”

ಇದು ಸರಿಯಲ್ಲ ಎಂದು ರೇಣುಕಾಗೆ ಗೊತ್ತಿತ್ತು. ಆದರೆ ಒಮ್ಮೆ ಅವನಿಗೆ ಸುಳ್ಳು ಆಸೆ ಕೊಟ್ಟವಳು ಈಗ ಯಾವ ಬಾಯಿಂದ ಸತ್ಯದ ಪರ ಮಾತಾಡಬೇಕು? ಅವಳು ಹೂಂ ಎಂದಳು.

ಗರಡಿಯಿಂದ ಬರುವಾಗ ಓಣಿಯ ತುದಿಯ ಘಟಕದಿಂದ ಇಪ್ಪತ್ತು ಲೀಟರಿನ ನೀರಿನ ಕ್ಯಾನು ತರುವುದು ಹಾಲೇಶನ ದಿನದ ಕೆಲಸ. ಅವತ್ತೂ ತುಂಬಿಸಿದ. ರೇಣುಕಾ ಬೇಡವೆಂದರೂ ಕೇಳದೆ ಹೆಗಲಿಗಿಟ್ಟುಕೊಂಡು, ಅಲ್ಲಲ್ಲಿ ಇಳಿಸಿ ಉಸಿರು ತೆಗೆದುಕೊಳ್ಳುತ್ತ ಬಂದ. ಭಟ್ಟಿಯ ಮುಂದೆ ಕೂತವರು, “ಏನ್ ಪೈಲ್ವಾನ್ರೇ, ನಾಳೆ ಹರಿಹರದೋನ ಬೆನ್ನು ಮಣ್ಣಿಗಾ?” ಎಂದು ಕೂಗಿದರು. ಅವನು ಕೈಯೆತ್ತಿ ನಕ್ಕ.

ಹೊನ್ನಮ್ಮ ಮಹಡಿಯ ಮೆಟ್ಟಿಲ ಬುಡಕ್ಕೇ ಇಳಿದು ಬಂದು ಕಾಯುತ್ತಿದ್ದಳು. ಹಿಟ್ಟಿನ ಕೈಯನ್ನು ತೊಳೆದಿರಲೂ ಇಲ್ಲ.

“ಏನಾತು? ಯಾಕೆ ಇಬ್ರ ಮುಖನೂ ಹಿಂಗೈತೆ?”

ಹಾಲೇಶ ಕ್ಯಾನನ್ನು ಕೆಳಗಿಟ್ಟು ನೆಲ ನೋಡುತ್ತ ಹೇಳಿದ. ಕುಸ್ತಿಯಲ್ಲಿ ಸೋತಾಗಲೂ ಅವನು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದಿಲ್ಲ. “ನಂಗೆ ಮತ್ತೆ ಕೆಟ್ಟೈತಂತೆ ಹೊನ್ನೀ. ಕುಸ್ತಿ ಇಲ್ಲ. ಭಾರ ಎತ್ತಬಾರ್ದಂತೆ.”

ಹೊನ್ನಮ್ಮ ರೇಣುಕಾಳತ್ತ ನೋಡಿದಳು. ರೇಣುಕಾ ಹೌದೆಂದು ತಲೆಯಾಡಿಸಿದಳು.

ಅವಳು ಅಳಲಿಲ್ಲ, ಹಣೆ ಚಚ್ಚಿಕೊಳ್ಳಲಿಲ್ಲ. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಹೋದ್ರೆ ಹೋತು ಬಿಡು ಕುಸ್ತಿ. ನಾನಿಲ್ವಾ? ಇವತ್ತಿಂದ ನೀ ಒಂದು ಹುಲ್ಲುಕಡ್ಡಿ ಎತ್ತಂಗಿಲ್ಲ. ನೀರು, ಸೌದೆ, ಅಕ್ಕಿ ಚೀಲ, ಎಲ್ಲ ನಂದು. ಮಂಡಕ್ಕಿ ಭಟ್ಟಿಗೆ ಕೂಲಿಗೂ ನಾನೇ ಹೋಗ್ತೀನಿ, ನೀ ಸುಮ್ನೆ ಕೂತು ತಿನ್ನು” ಎಂದಳು. ಬಗ್ಗಿ ಕ್ಯಾನಿನ ಕುತ್ತಿಗೆಗೆ ಕೈ ಹಾಕಿ ಒಂದೇ ಎಳೆತಕ್ಕೆ ಸೊಂಟಕ್ಕೇರಿಸಿಕೊಂಡಳು.

“ಹೊನ್ನೀ, ಇಡು—” ಎಂದ ಹಾಲೇಶ. ಯಾಕೆ ಇಡಬೇಕು ಎಂದು ಅವಳು ಕೇಳಿದರೆ?

“ನೀ ಸುಮ್ಕಿರು” ಎಂದು ಗದರಿ ಅವಳು ಮೆಟ್ಟಿಲು ಹತ್ತತೊಡಗಿದಳು. ರೇಣುಕಾ ಓಡಿ ಹೋಗಿ ಕ್ಯಾನಿಗೆ ಕೈ ಹಾಕಿದಳು. “ನೀ ಓದಿದ ಕೈಯೋಳು, ಸರಿ ಅತ್ಲಾಗೆ” ಎಂದು ಹೊನ್ನಮ್ಮ ಮೊಣಕೈಯಿಂದ ಅವಳನ್ನು ತಳ್ಳಿದಳು. ಅರ್ಧ ಮೆಟ್ಟಿಲಿಗೆ ಒಮ್ಮೆ ನಿಂತು, ಗೋಡೆಗೆ ಒರಗಿ, ಎದೆಯ ಮೇಲೆ ಅಂಗೈಯಿಟ್ಟುಕೊಂಡಳು. ಕೆಳಗೆ ನಿಂತಿದ್ದ ಹಾಲೇಶ ಎರಡೂ ಕೈಗಳನ್ನು ಅವಳತ್ತ ಚಾಚಿದ.

“ಏನಿಲ್ಲ,” ಅವಳು ಅವನಿಗೆ ಧೈರ್ಯ ಹೇಳುವಂತೆ ನಕ್ಕಳು, “ನೆಗಡಿ ಆಗಿತ್ತಲ್ಲ, ಏದುಸಿರು ಬಂತು ಅಷ್ಟೇ.” ಮತ್ತೆ ಕ್ಯಾನನ್ನು ಸರಿಮಾಡಿಕೊಂಡು ಮೇಲಕ್ಕೆ ಹತ್ತಿದಳು.